ಹಸಿಕೊಳ್ಳದ ಕೋಲು

ನಾನು ಮಣ್ಣಿನ ತೇವ ಅಳೆಯುವ ಒಂದು ಕೋಲು. ಕೋಲು ಎಂದರೆ ಉದ್ದನೆಯದೇನಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಕಪ್ಪು ತಲೆ, ಅದರ ಕೆಳಗೆ ಗೇಣುದ್ದದ ಮೂರು ಉಕ್ಕಿನ ಕಡ್ಡಿಗಳು, ಹಿಂದೆ ಬಾಲದ ಹಾಗೆ ಐದು ಮೀಟರ್ ವೈರು. ಇಷ್ಟೇ ನಾನು.

ಬೆಂಗಳೂರಿನ ಹೊರಗೆ, ತಗಡಿನ ಛಾವಣಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ತಲೆಯೊಳಗೆ ರಾಳ ಸುರಿದು, ಗುಳ್ಳೆ ಉಳಿಯಬಾರದೆಂದು ಸೂಜಿಯಿಂದ ಚುಚ್ಚಿ ಚುಚ್ಚಿ, ಗಟ್ಟಿಯಾಗುವ ತನಕ ಕಿಟಕಿಯ ಬಳಿ ಇಟ್ಟಳು. ಮರುದಿನ ಎರಡು ಬಕೆಟ್ಟುಗಳನ್ನು ತಂದು ಎದುರಿಗಿಟ್ಟಳು. ಮೊದಲನೆಯದರಲ್ಲಿ ಒಣ ಮರಳು. ಕಡ್ಡಿಗಳನ್ನು ಊರಿದಾಗ "ಮೂರು" ಎಂದೆ. ಎರಡನೆಯದರಲ್ಲಿ ನೀರು ಕುಡಿದ ಮರಳು. "ಮೂವತ್ತೆಂಟು" ಎಂದೆ. "ಇದು ಸರಿಯಾಗೈತೆ" ಎಂದು ಅವಳು ಹಸಿರು ಚೀಟಿ ಅಂಟಿಸಿದಳು.

ನೂರು ಪಾಲು ಮಣ್ಣಿನಲ್ಲಿ ನೀರು ಎಷ್ಟು ಪಾಲು ಎಂಬುದೊಂದೇ ನನಗೆ ಬರುವ ಮಾತು. ಅರ್ಧ ಗಂಟೆಗೆ ಒಂದು ಅಂಕಿ ಹೇಳುತ್ತೇನೆ. ಮುಂದಿನ ಅಂಕಿಯ ತನಕ ಸುಮ್ಮನಿರುತ್ತೇನೆ. ನನ್ನ ಆಯುಷ್ಯದ ಹೆಚ್ಚಿನ ಭಾಗ ಆ ಸುಮ್ಮನಿರುವಿಕೆಯಲ್ಲೇ ಹೋಗಿದೆ. ನಾನು ಕೇಳಿಸಿಕೊಂಡಿದ್ದೆಲ್ಲ, ಒಳಗೊಳಗೇ ಕುದ್ದಿದ್ದೆಲ್ಲ ಆ ಬಿಡುವಿನಲ್ಲಿ.

ನನ್ನನ್ನು ಕೊಂಡದ್ದು ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯ. ನನ್ನಂಥವರು ಹದಿನೆಂಟು ಮಂದಿ ಒಂದೇ ಪೆಟ್ಟಿಗೆಯಲ್ಲಿ ಹೋದೆವು. ಪೆಟ್ಟಿಗೆ ಬಿಚ್ಚಿದವಳು ಇಂದುಮತಿ, ತುಮಕೂರಿನ ಕಡೆಯವಳು, ಪಿಎಚ್.ಡಿ. ಮಾಡುತ್ತಿದ್ದಳು. ಅವಳ ಗುರುಗಳು ಪ್ರೊಫೆಸರ್ ಸೀತಾಪತಿ. ಅವರ ಗಣಕದೊಳಗೆ ಇಡೀ ನಾಡಿನ ನೆಲವಿತ್ತು. ಎಲ್ಲಿ ಎಷ್ಟು ಮಳೆ ಬಿದ್ದರೆ ಎಷ್ಟು ನೀರು ಇಂಗುತ್ತದೆ, ಎಷ್ಟು ಹರಿದು ಹೋಗುತ್ತದೆ, ಅಲ್ಲಿ ಹುಲ್ಲು ಬೆಳೆಯುತ್ತದೋ ಮರವೋ, ಎಲ್ಲವನ್ನೂ ಅದು ಲೆಕ್ಕ ಹಾಕಿ ಹೇಳುತ್ತಿತ್ತು. ಅದಕ್ಕೆ ಅವರು ಮಾಡೆಲ್ ಎನ್ನುತ್ತಿದ್ದರು.

ಆ ಮಾಡೆಲ್ ನಾಡನ್ನು ಚೌಕಗಳಾಗಿ ಕತ್ತರಿಸಿತ್ತು. ಒಂದೊಂದು ಚೌಕದ ಬದಿ ಹತ್ತು ಕಿಲೋಮೀಟರ್. ಒಂದು ಚೌಕಕ್ಕೆ ಒಂದೇ ಎತ್ತರ, ಒಂದೇ ಮಣ್ಣು, ಒಂದೇ ಇಳಿಜಾರು, ಒಂದೇ ಬಗೆಯ ಗಿಡ. ಚೌಕದೊಳಗೆ ಗುಡ್ಡವಿದ್ದರೂ ಕೊಳ್ಳವಿದ್ದರೂ ಅದಕ್ಕೆ ಕಾಣುತ್ತಿದ್ದದ್ದು ಹಾಸಿದ ಜಮಖಾನೆಯಂಥ ಒಂದು ನೆಲ. ಆ ನೆಲ ಹೇಳುವುದು ನಿಜವೋ ಎಂದು ನೋಡಲು ಹದಿನೆಂಟು ಚೌಕಗಳಲ್ಲಿ ಹದಿನೆಂಟು ಕೋಲುಗಳನ್ನು ಊರಬೇಕಾಗಿತ್ತು. ನನ್ನ ಪಾಲಿಗೆ ಬಂದದ್ದು ಏಳನೆಯ ಚೌಕ, ಗದಗ ಜಿಲ್ಲೆಯ ದಕ್ಷಿಣಕ್ಕಿರುವ ಒಂದು ಗುಡ್ಡಸಾಲು.

ಇಂದುಮತಿ ನನ್ನನ್ನು ಬಗಲಚೀಲದಲ್ಲಿ ಹಾಕಿಕೊಂಡು ಆ ಗುಡ್ಡ ಹತ್ತಿದ್ದು ಶ್ರಾವಣ ಮುಗಿಯುವ ಹೊತ್ತಿಗೆ. ಅವಳ ಮುಂದೆ ಹಾಲುಮತದ ಫಕೀರಪ್ಪ ನಡೆಯುತ್ತಿದ್ದ. ಐವತ್ತೈದರ ಆಸುಪಾಸು, ಹೆಗಲ ಮೇಲೆ ಕಂಬಳಿ, ಹಿಂದೆ ಅರವತ್ತು ಕುರಿ. ನನ್ನ ಅಂಕಿಗಳನ್ನು ಬರೆದಿಟ್ಟುಕೊಳ್ಳುವ, ಬಿಸಿಲಿನಿಂದ ನಡೆಯುವ ಪೆಟ್ಟಿಗೆಯನ್ನು ಹೊತ್ತು ತರಲು, ಆಮೇಲೆ ತಿಂಗಳಿಗೊಮ್ಮೆ ಅದರೊಳಗಿನ ಚಿಪ್ಪನ್ನು ಕಳಿಸಿಕೊಡಲು ಅವಳು ಅವನನ್ನು ಗೊತ್ತು ಮಾಡಿಕೊಂಡಿದ್ದಳು.

ದಾರಿಯಲ್ಲಿ ಅವನು ಕೇಳಿದ, "ಅಕ್ಕಾರ, ಗುಡ್ಡಕ್ಕೆಲ್ಲ ಗಿಡ ಹಚ್ತಾರಂತಲ್ರಿ? ಬೇಲಿ ಹಾಕ್ತಾರಂತ. ಖರೇನರಿ?"

"ಹೌದು, ಒಂದು ಯೋಜನೆ ಇದೆ. ಎಲ್ಲಿ ನೆಡಬೇಕು ಅನ್ನೋದಕ್ಕೆ ನಮ್ಮ ಮಾಡೆಲಿನ ನಕಾಶೆ ತಗೋತಾರೆ."

"ನಕಾಶಿ ನೋಡಿ ಹೆಂಗ ತಿಳಿತೈತ್ರಿ?"

"ಯಾವ ಜಾಗ ಬರೀ ಒಣಗಿದೆ, ಖಾಲಿ ಬಿದ್ದಿದೆ ಅಂತ ನಕಾಶೆ ಹೇಳುತ್ತೋ ಅಲ್ಲಿ ನೆಡ್ತಾರೆ."

ಫಕೀರಪ್ಪ ತನ್ನ ಕೈಗೋಲಿನಿಂದ ಬಲಕ್ಕೆ ಕೆಳಗೆ ತೋರಿಸಿದ. "ಅಲ್ಲಿ ತಗ್ಗಿನಾಗ ಹಸಿಕೊಳ್ಳ ಐತ್ರಿ. ಅದು ಖಾಲಿ ಅಲ್ರಿ. ಹೋಳಿ ಹುಣ್ಣಿವಿ ತನಕ ಯಾರ ಕುರೀನೂ ಅದರಾಗ ಇಳಿಯಂಗಿಲ್ಲ. ನಾವು ಒಂಬತ್ತು ಮನಿ ಮಂದಿ ಮಾಡ್ಕೊಂಡ ಕಟ್ಟು. ಹೋಳಿ ಆದಮ್ಯಾಲ ಮರಿ ಹಾಕಿದ ಕುರಿ ಅಷ್ಟ ಇಳಸ್ತೀವಿ. ಸುತ್ತಾ ಸುಟ್ಟ ಬೂದಿ ಆಗಿರ್ತೈತಿ, ಅಲ್ಲಿ ಹಸರ ಇರ್ತೈತಿ. ಅದಿಲ್ಲಂದ್ರ ತಾಯಿಗೆ ಹಾಲಿಲ್ಲ, ಮರಿ ಉಳಿಯಂಗಿಲ್ಲ."

ಇಂದುಮತಿ ಆ ಕಡೆ ಕತ್ತು ಹೊರಳಿಸಿದಳು. ಶ್ರಾವಣವಲ್ಲವೇ, ಗುಡ್ಡವೆಲ್ಲ ಒಂದೇ ಹಸಿರು. ಅವಳಿಗೆ ಕೊಳ್ಳ ಕಾಣಲೇ ಇಲ್ಲ.

ಗಣಕ ಹೇಳಿದ್ದ ಜಾಗ, ಅಂದರೆ ಚೌಕದ ನಟ್ಟನಡುವಿನ ಬಿಂದು, ಗುಡ್ಡದ ನೆತ್ತಿಯ ಮೇಲೆ ಬಿದ್ದಿತ್ತು. ಅವಳು ಅಲ್ಲಿ ನಿಂತು ಅಕ್ಷಾಂಶ ರೇಖಾಂಶ ಬರೆದುಕೊಂಡಳು. ಬೈರಿಗೆ ಊರಿ ತಿರುಗಿಸಿದಳು. ನಾಲ್ಕು ಬೆರಳು ಮಣ್ಣು, ಆಮೇಲೆ ಬಂಡೆ. ಇನ್ನೊಂದು ಕಡೆ ಊರಿದಳು, ಅಲ್ಲೂ ಬಂಡೆ. ಮೂರನೆಯ ಸಲಕ್ಕೆ ಬೈರಿಗೆಯ ಬಾಯಿ ಮುರಿಯಿತು. ಮೂರೂವರೆಯ ಬಸ್ಸು ತಪ್ಪಿದರೆ ಮುಂದಿನ ಚೌಕದ ಕೆಲಸ ಕೆಡುತ್ತಿತ್ತು.

"ಫಕೀರಪ್ಪನವ್ರೇ, ಇಲ್ಲೇ ಸುತ್ತಮುತ್ತ ಮಣ್ಣು ಸಿಕ್ಕ ಕಡೆ ನೀವೇ ಊರಿಬಿಡಿ. ಗೇಣು ಆಳ ಸಾಕು. ಮೇಲಿನ ಪೆಟ್ಟಿಗೆಗೆ ಬಿಸಿಲು ಬೀಳಬೇಕು, ವೈರನ್ನ ಕುರಿ ತುಳೀಬಾರದು."

"ಊರ್ತೀನ್ರಿ, ನೀವೇನೂ ಚಿಂತಿ ಮಾಡಬ್ಯಾಡ್ರಿ."

ಅವಳು ಹೋದಳು. ಫಕೀರಪ್ಪ ನನ್ನನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ಅವನ ಅಂಗೈಯ ಬೆವರಿಗೆ ನಾನು ತೇವದ ಅಂಕಿಯನ್ನು ಹೇಳುತ್ತಿದ್ದೆನೇನೋ, ಆದರೆ ಪೆಟ್ಟಿಗೆಗೆ ಇನ್ನೂ ಜೋಡಿಸಿರಲಿಲ್ಲ. ಅವನು ನೆತ್ತಿಯ ಮೇಲೆ ನಿಲ್ಲಲಿಲ್ಲ. ಬಲಕ್ಕೆ ಇಳಿದ. ಇನ್ನೂರ ನಲವತ್ತು ಹೆಜ್ಜೆ ಇಳಿದು, ಹುಲ್ಲಿನ ನಡುವೆ ಮಂಡಿಯೂರಿ, ಕುಡುಗೋಲಿನಿಂದ ಮಣ್ಣು ಬಿಡಿಸಿದ. ಆ ಮಣ್ಣು ಬೆಣ್ಣೆಯ ಹಾಗೆ ಸೀಳಿತು.

"ತೇವ ನೋಡೋ ಕೋಲಿಗೆ ಬಂಡಿಮ್ಯಾಲೇನ್ ಕೆಲಸ?" ಎಂದು ಕುರಿಗಳಿಗೆ ಕೇಳಿಸುವಂತೆ ಹೇಳಿದ. ಆಮೇಲೆ ನನಗೆ ಮಾತ್ರ ಎಂಬಂತೆ ಬಗ್ಗಿ, "ನಮ್ಮ ಮಾತ ಯಾರ ಕೇಳ್ತಾರ? ನಿನ್ನ ಮಾತಾರ ಕೇಳಲಿ. ಇಲ್ಲಿ ನೀರ ಐತಿ ಅಂತ ಹೇಳು. ಖಾಲಿ ಅಲ್ಲ ಅಂತ ಹೇಳು" ಎಂದ.

ಮೊದಲನೆಯದು ನನಗೆ ಬರುತ್ತಿತ್ತು. ಎರಡನೆಯದು ಬರುತ್ತಿರಲಿಲ್ಲ. ಅದನ್ನು ಅವನಿಗೆ ಹೇಳುವ ದಾರಿ ನನಗಿರಲಿಲ್ಲ.

ಮಣ್ಣಿನೊಳಗಿಂದ ಮನುಷ್ಯರು ಕಾಲುಗಳಾಗಿ ಗೊತ್ತಾಗುತ್ತಾರೆ. ಫಕೀರಪ್ಪನ ಹಿಮ್ಮಡಿ ಒಡೆದಿತ್ತು. ಹೋಳಿಗೆ ಹದಿನೈದು ದಿನವಿರುವಾಗ ಅವನು ಬಂದು, ನನ್ನ ಪಕ್ಕದಲ್ಲೇ ಬಲ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಕಾಲೆತ್ತಿ ಗುರುತನ್ನೇ ನೋಡುತ್ತಾ ನಿಲ್ಲುತ್ತಿದ್ದ. ಗುರುತಿನೊಳಗೆ ನೀರು ಜಿನುಗಿದರೆ ಆ ವರ್ಷ ಕೊಳ್ಳ ಮುಂಗಾರಿನ ತನಕ ತಡೆಯುತ್ತದೆ ಎಂದು ಅವರ ಲೆಕ್ಕ. ನಾನು ಮೂವತ್ತೊಂದು ಎನ್ನುವ ದಿನ ಅವನ ಗುರುತಿನಲ್ಲಿ ನೀರಿರುತ್ತಿತ್ತು. ನಾವಿಬ್ಬರೂ ಒಂದೇ ಮಾತು ಹೇಳುತ್ತಿದ್ದೆವು, ಅವನು ಹಿಮ್ಮಡಿಯಿಂದ, ನಾನು ಉಕ್ಕಿನ ಕಡ್ಡಿಗಳಿಂದ.

ನೆತ್ತಿಯ ಮೇಲೆ ಬಿದ್ದ ಮಳೆ ಅಲ್ಲಿ ನಿಲ್ಲುತ್ತಿರಲಿಲ್ಲ. ಬಂಡೆಯ ಸಂದಿಗಳಲ್ಲಿ ಇಳಿದು, ತಿಂಗಳುಗಟ್ಟಲೆ ನಡೆದು ನನ್ನ ಬಳಿ ಬರುತ್ತಿತ್ತು. ಆಶ್ವೀಜದ ಮಳೆಯನ್ನು ನಾನು ಮಾಘದಲ್ಲಿ ಮುಟ್ಟುತ್ತಿದ್ದೆ. ಹೋಳಿಯ ಮರುದಿನ ಕುರಿಗಳು ಇಳಿಯುತ್ತಿದ್ದವು. ಮರಿಗಳ ಗೊರಸು ನನ್ನ ಮೇಲಿನ ಮಣ್ಣನ್ನು ತಟ್ಟುವುದು ಹನಿ ಬಿದ್ದ ಹಾಗೆ ಇರುತ್ತಿತ್ತು. ತಾಯಂದಿರು ಹುಲ್ಲು ಕೀಳುವ ಸದ್ದು ಬೇರಿನ ಮೂಲಕ ನನಗೆ ಬರುತ್ತಿತ್ತು. ಮಿಕ್ಕ ಹೊತ್ತು ಮೌನ. ಆ ಎರಡು ವರ್ಷ ನಾನು ಸುಖವಾಗಿದ್ದೆ ಎನ್ನಬಹುದು, ನನ್ನನ್ನು ಯಾರಾದರೂ ನಂಬಿದ್ದರೆ.

ತಿಂಗಳಿಗೊಮ್ಮೆ ಫಕೀರಪ್ಪ ಪೆಟ್ಟಿಗೆಯಿಂದ ಚಿಪ್ಪು ತೆಗೆದು, ತಂಬಾಕಿನ ಡಬ್ಬಿಯಲ್ಲಿಟ್ಟು, ಗದಗಿನ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದ. ಅಲ್ಲಿಂದ ಅದು ಕೊರಿಯರ್‌ನಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು. ಹದಿನೆಂಟು ಚೌಕಕ್ಕೆ ಇಂದುಮತಿ ಒಬ್ಬಳೇ. ಅವಳು ಮತ್ತೆ ಈ ಗುಡ್ಡಕ್ಕೆ ಬರಲಿಲ್ಲ. ಎರಡನೆಯ ಬೇಸಿಗೆಯ ಶುರುವಿನಲ್ಲಿ ಅವಳ ಫೋನು ಬಂತು. ಫಕೀರಪ್ಪ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಫೋನಿನ ಧ್ವನಿ ಹೊರಗೆ ಕೇಳುವಂತೆ ದೊಡ್ಡದು ಮಾಡಿ ಮಾತಾಡಿದ.

"ಫಕೀರಪ್ಪನವ್ರೇ, ಆ ಕೋಲು ಕೆಟ್ಟುಹೋಗಿರೋ ಹಾಗಿದೆ."

"ಯಾಕ್ರಿ ಅಕ್ಕಾರ, ಛೊಲೋ ಐತಲ್ರಿ."

"ಮಾಡೆಲ್ ಒಂಬತ್ತು ಅಂತಿದೆ, ಇದು ಮೂವತ್ತರ ಮೇಲೆ ತೋರಿಸ್ತಿದೆ. ಎರಡು ಬೇಸಿಗೆಯಿಂದ ಹೀಗೇ. ನೀವೇನಾದ್ರೂ ಅದರ ಮೇಲೆ ನೀರು ಗೀರು ಚೆಲ್ತೀರಾ?"

"ಯವ್ವಾ! ಕುಡಿಯಾಕ ತಂದ ನೀರ ನಾ ಯಾಕ ಚೆಲ್ಲಲ್ರಿ? ಇಲ್ಲಿ ನೀರ ತಾನ ಐತ್ರಿ."

"ಇರೋಕೆ ಸಾಧ್ಯವಿಲ್ಲ. ಸರ್ ಇದನ್ನ ಲೆಕ್ಕದಿಂದ ತೆಗೆದುಬಿಡು ಅಂದಿದ್ದಾರೆ."

ಫಕೀರಪ್ಪ ಫೋನನ್ನು ಮುಖದ ಎದುರು ಹಿಡಿದು ನೋಡಿ, ಮತ್ತೆ ಬಾಯಿಯ ಬಳಿ ತಂದ. "ತಗದ್ರ ಹೆಂಗ್ರಿ? ನೀವ ಬಂದ ಒಮ್ಮೆ ಕಾಲಿಟ್ಟ ನೋಡ್ರಿ."

ನೆತ್ತಿಯಿಂದ ಇಳಿದ ಕೊಳ್ಳದಲ್ಲಿ ಫೋನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಮಾತು ಅಲ್ಲಿಗೇ ಕಡಿಯಿತು. ನನಗೆ ಮೈಯೆಲ್ಲ ಉರಿಯಿತು. ಉಕ್ಕಿಗೆ ಉರಿ ಹೇಗೆ ಎಂದು ಕೇಳಬೇಡಿ. ನೀರಿನಲ್ಲಿ ನಿಂತು ನೀರಿದೆ ಎಂದು ಹೇಳಿದವನನ್ನು ಕೆಟ್ಟಿದೆ ಎಂದರು. ನೀರು ನೋಡದ ಗಣಕವನ್ನು ಸರಿ ಎಂದರು. ಅರ್ಧ ಗಂಟೆಗೆ ಒಂದರಂತೆ ನಾನು ಇಪ್ಪತ್ತಾರು ಸಾವಿರ ಸಲ ನಿಜ ಹೇಳಿದ್ದೆ. ಇನ್ನೆಷ್ಟು ಸಲ ಹೇಳಬೇಕಿತ್ತು? ಅಷ್ಟಾದರೂ ಮುಂದಿನ ಅರ್ಧ ಗಂಟೆಗೆ ಮತ್ತೆ ಹೇಳಿದೆ, ಮೂವತ್ತೊಂದು. ನನಗೆ ಬೇರೆ ಕೆಲಸ ಬರುವುದಿಲ್ಲವಲ್ಲ.

ಹೋಳಿ ಕಳೆದು ಒಂದು ವಾರಕ್ಕೆ ಇಂದುಮತಿ ಬಂದಳು. ಬಗಲಚೀಲದಲ್ಲಿ ಹೊಸ ಕೋಲೊಂದಿತ್ತು. ನನ್ನನ್ನು ಕಿತ್ತು ಅದನ್ನು ಊರುವುದು ಅವಳ ಯೋಚನೆ. ನೆತ್ತಿಯ ಮೇಲೆ ಅವಳ ಬೂಟುಗಳು ಅತ್ತಿಂದಿತ್ತ ಓಡಾಡಿದ್ದು ಬಂಡೆಯ ಮೂಲಕ ಕೇಳಿಸಿತು.

"ಎಲ್ಲಿ ಫಕೀರಪ್ಪನವ್ರೇ ಕೋಲು?"

"ಕೆಳಗ ಐತ್ರಿ, ಬರ್ರಿ."

"ಕೆಳಗಾ? ಇನ್ನೂ ಕೆಳಗಾ?"

ಅವಳು ಇಳಿಯುತ್ತಾ ಹೆಜ್ಜೆ ಎಣಿಸುತ್ತಿದ್ದಳು. ನೂರು, ನೂರೈವತ್ತು. ಧ್ವನಿ ಮೊದಮೊದಲು ಸಿಟ್ಟಿನಲ್ಲಿತ್ತು. ಇನ್ನೂರ ಇಪ್ಪತ್ತಕ್ಕೆ ಬೂಟು ಪಚಕ್ಕೆಂದಿತು. ಅಲ್ಲಿಂದ ಎಣಿಕೆ ಕೇಳಿಸಲಿಲ್ಲ.

ಸುತ್ತ ಗುಡ್ಡ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ನಾನಿದ್ದ ಕಡೆ ಎರಡು ಎಕರೆಯಷ್ಟು ಹುಲ್ಲು ಮೊಣಕಾಲುದ್ದ ನಿಂತಿತ್ತು. ಅದರೊಳಗೆ ನಲವತ್ತು ತಾಯಿ ಕುರಿ, ಅವುಗಳ ಕಾಲ ಸಂದಿಯಲ್ಲಿ ಮರಿಗಳು. ಅವಳು ಬೂಟು ಬಿಚ್ಚಿದಳು. ಅವಳ ಬರಿಗಾಲು ನನ್ನ ಪಕ್ಕ ಮಣ್ಣಿನಲ್ಲಿ ಹೂತು ನಿಂತಿತು.

"ನಾನು ಅಲ್ಲಿ ಮೇಲೆ ಊರಿ ಅಂದಿದ್ದೆ" ಎಂದಳು.

"ಅಲ್ಲಿ ಊರಿದ್ರ ಅದು ಏನ್ ನೋಡ್ತಿತ್ರಿ? ನೀವ ಅಂದಿದ್ರಿ, ಒಣಾ ಇದ್ದಲ್ಲಿ ಗಿಡ ಹಚ್ತಾರ ಅಂತ. ಇದು ಒಣಾ ಇಲ್ಲ ಅಂತ ನಿಮ್ಮ ಕೋಲಿನ ಬಾಯಿಲೆ ಹೇಳಸಬೇಕಂತ ಮಾಡೀನ್ರಿ. ತಪ್ಪಾತೇನ್ರಿ?"

"ಜಾಗ ತಪ್ಪಾಯ್ತು." ಅವಳು ನಕ್ಕಳು, ಆದರೆ ಅದು ನಗುವಾಗಿರಲಿಲ್ಲ. "ಆದ್ರೆ ಕೋಲು ಕೆಟ್ಟಿಲ್ಲ. ನಮ್ಮ ಚೌಕ ಕೆಟ್ಟಿದೆ."

ಅವಳು ಹೊಸ ಕೋಲನ್ನು ನೆತ್ತಿಯ ಸಂದಿಯೊಂದರಲ್ಲಿ ಹೇಗೋ ಊರಿ ಒಂದು ವಾರ ನೋಡಿದಳು. ಅದು ಏಳು ಎಂದಿತು. ನಾನು ಮೂವತ್ತು ಎಂದೆ. ನಡುವೆ ಇನ್ನೂರ ನಲವತ್ತು ಹೆಜ್ಜೆ.

ಆಮೇಲೆ ಪರೀಕ್ಷೆಗೆಂದು ನನ್ನನ್ನು ಕಿತ್ತು ಬೆಂಗಳೂರಿಗೆ ಒಯ್ದಳು. ಮತ್ತೆ ಬಕೆಟ್ಟು, ಮತ್ತೆ ಮರಳು. ಮೂರು, ಮೂವತ್ತೆಂಟು. ಸೀತಾಪತಿಯವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು.

"ನೋಡಮ್ಮ, ಇದು ನಿಜ ಹೇಳ್ತಿದೆ, ಒಪ್ಪಿದೆ. ಆದ್ರೆ ಒಂದು ಕೊಳ್ಳಕ್ಕೋಸ್ಕರ ಮಾಡೆಲ್ ಬದಲಾಯಿಸಕ್ಕಾಗುತ್ತಾ? ಒಂದು ಚೌಕದಲ್ಲಿ ಇಂಥ ಎಷ್ಟು ಕೊಳ್ಳ ಇರಬಹುದು?"

"ಅದೇ ಸರ್, ಎಷ್ಟಿದೆ ಅಂತ ನಮಗೆ ಗೊತ್ತೇ ಇಲ್ಲ. ಎಲ್ಲ ಸೇರಿಸಿ ಸರಾಸರಿ ತೆಗೆದ್ರೆ ಒಂಬತ್ತು ಬರುತ್ತೆ. ಆ ಒಂಬತ್ತು ಇರೋ ಜಾಗ ಮಾತ್ರ ಆ ಗುಡ್ಡದಲ್ಲಿ ಎಲ್ಲೂ ಇಲ್ಲ."

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಮಾಡಿ ನೋಡು" ಎಂದರು.

ಇಂದುಮತಿ ನಾಲ್ಕು ತಿಂಗಳು ಕೂತಳು. ಚೌಕವನ್ನು ನಾಲ್ಕು ಬಗೆಯ ನೆಲವಾಗಿ ಒಡೆದಳು, ನೆತ್ತಿ, ಬಿಸಿಲು ಬೀಳುವ ಇಳಿಜಾರು, ನೆರಳಿನ ಇಳಿಜಾರು, ಕೊಳ್ಳ. ಮೇಲಿನದರ ನೀರು ಕೆಳಗಿನದಕ್ಕೆ ಇಳಿಯುವಂತೆ ಮಾಡಿದಳು. ನಾನು ಅವಳ ಮೇಜಿನ ಮೇಲೆ, ಪೆನ್ನುಗಳ ಡಬ್ಬಿಗೆ ಒರಗಿಕೊಂಡು ಎಲ್ಲವನ್ನೂ ನೋಡುತ್ತಿದ್ದೆ. ಒಂದು ಮಧ್ಯಾಹ್ನ ಗಣಕ ಕೊಳ್ಳಕ್ಕೆ ಮಾರ್ಚಿಯಲ್ಲಿ ಇಪ್ಪತ್ತೊಂಬತ್ತು ಎಂದಿತು. ಅವಳು ಕುರ್ಚಿಯಿಂದ ಎದ್ದು ಕಿಟಕಿಯ ತನಕ ಹೋಗಿ ಬಂದಳು. ಎರಡು ವರ್ಷದ ಮೇಲೆ ನನ್ನನ್ನು ಒಬ್ಬರು ನಂಬಿದ್ದರು.

ಇನ್ನೊಂದು ಕೆಲಸ ಉಳಿದಿತ್ತು. ಪ್ರತಿ ನೆಲದ ಮುಂದೆ ಅಲ್ಲಿ ಬೆಳೆಯುವುದೇನು ಎಂದು ಪಟ್ಟಿಯಿಂದ ಆರಿಸಿ ತುಂಬಬೇಕು. ಒಣ ನೆಲಕ್ಕೆ ಹುಲ್ಲು ಅಥವಾ ಕುರುಚಲು. ಹಸಿ ನೆಲಕ್ಕೆ ಮರ.

"ಸರ್, ಹಸಿ ನೆಲದಲ್ಲಿ ಹುಲ್ಲು ಅನ್ನೋ ಆಯ್ಕೆನೇ ಇಲ್ವಲ್ಲ?"

"ಪಟ್ಟಿ ಮಾಡಿದವರು ಬೇರೆ ದೇಶದ ನೆಲ ನೋಡಿ ಮಾಡಿದ್ದಮ್ಮ. ಅದನ್ನ ಬದಲಾಯಿಸಕ್ಕೆ ಹೋದ್ರೆ ಇನ್ನೊಂದು ವರ್ಷ. ನಮ್ಮ ಪ್ರಬಂಧ ನೀರಿನ ಲೆಕ್ಕದ್ದು ತಾನೇ? ಮರ ಅಂತ ಹಾಕಿ ಮುಂದೆ ಹೋಗು."

ಅವಳ ಬೆರಳು ಒಂದಿಷ್ಟು ಹೊತ್ತು ಗಾಳಿಯಲ್ಲೇ ನಿಂತಿತ್ತು. ಆಮೇಲೆ ಒತ್ತಿದಳು. ಸಣ್ಣದೊಂದು ಸದ್ದಾಯಿತು, ಅಷ್ಟೇ. ನಾನು ಅಲ್ಲೇ ಇದ್ದೆ. ಅವಳು ಮರ ಎಂದು ಒತ್ತಿದ ಜಾಗದಲ್ಲಿ ಎರಡು ವರ್ಷ ಹುಲ್ಲಿನ ಬೇರುಗಳು ನನ್ನ ಕಡ್ಡಿಗಳನ್ನು ಸುತ್ತಿಕೊಂಡಿದ್ದವು. ಒಂದೆರಡು ಒಣಗಿದ ಎಳೆಗಳು ಆಗಲೂ ನನ್ನ ಮೈಗೆ ಅಂಟಿಕೊಂಡಿದ್ದವು. ಅವಳು ಬಗ್ಗಿ ನೋಡಿದ್ದರೆ ಕಾಣುತ್ತಿದ್ದವು.

ಪ್ರಬಂಧ ಪ್ರಕಟವಾಯಿತು. ಹೊಸ ನಕಾಶೆ ಯೋಜನೆಯ ಕಚೇರಿಗೆ ಹೋಯಿತು. ಇಂದುಮತಿ ನನ್ನನ್ನು ಮತ್ತೆ ಹಸಿಕೊಳ್ಳಕ್ಕೆ ತಂದು, ಹಳೆಯ ಜಾಗದಲ್ಲೇ ಊರಿದಳು. ಅವಳ ಬೂಟಿನ ಸದ್ದಿನಲ್ಲಿ ಉಲ್ಲಾಸವಿತ್ತು. "ಫಕೀರಪ್ಪನವ್ರೇ, ನಿಮ್ಮ ಕೊಳ್ಳ ಈಗ ನಕಾಶೆಯಲ್ಲಿದೆ. ಒಣ ಜಾಗ ಅಂತ ಇನ್ನು ಯಾರೂ ಹೇಳೋ ಹಾಗಿಲ್ಲ" ಎಂದಳು. ಫಕೀರಪ್ಪನ ಹೆಂಡತಿ ಕಳಿಸಿದ್ದ ರೊಟ್ಟಿ, ಪುಂಡಿಪಲ್ಯೆಯನ್ನು ಇಬ್ಬರೂ ನನ್ನ ಪಕ್ಕದಲ್ಲೇ ಕೂತು ತಿಂದರು. ಅವನು ನನ್ನ ಮೇಲಿನ ಮಣ್ಣನ್ನು ಅಂಗೈಯಿಂದ ಎರಡು ಸಲ ತಟ್ಟಿದ, ಕುರಿಯ ಬೆನ್ನು ತಟ್ಟುವ ಹಾಗೆ.

ಮುಂದಿನ ಹೋಳಿಯ ಹೊತ್ತಿಗೆ ಯೋಜನೆಯ ಅಧಿಕಾರಿ ಹೊಸಮನಿ ಬಂದರು. ಇಂದುಮತಿಯನ್ನೂ ಕರೆಸಿದ್ದರು. ಅವರ ಬೂಟು ಭಾರದ್ದು. ಕೊಳ್ಳಕ್ಕೆ ಇಳಿದು, ಸುತ್ತ ನೋಡಿ, ನಕಾಶೆ ಬಿಚ್ಚಿ ಹುಲ್ಲಿನ ಮೇಲೆ ಹಾಸಿದರು. ಅದರ ನೆರಳು ನನ್ನ ಮೇಲೆ ಬಿತ್ತು.

"ಮೇಡಮ್ಮಾರ, ಭಾಳ ಛೊಲೋ ಕೆಲಸ ಮಾಡೀರಿ. ಎರಡು ವರ್ಷ ನಾವು ಆ ನೆತ್ತಿಮ್ಯಾಲ ಸಸಿ ಹಚ್ಚಿ ಹಚ್ಚಿ ಸಾಕಾತ್ರಿ. ನೂರರಾಗ ಮೂರು ಉಳಿದಾವ. ಮ್ಯಾಲಿನವರ ಕಡೆ ಬೈಸ್ಕೊಂಡಿದ್ದ ಬೈಸ್ಕೊಂಡಿದ್ದು. ನಿಮ್ಮ ನಕಾಶಿ ನೋಡಿದ ಮ್ಯಾಲ ಕಣ್ಣ ತೆರೀತ ನೋಡ್ರಿ. ಇಡೀ ಚೌಕದಾಗ ಗಿಡ ಬದುಕೋ ಜಾಗ ಇದೊಂದ!"

ಇಂದುಮತಿಯ ಕಾಲು ಒಂದು ಹೆಜ್ಜೆ ಹಿಂದಕ್ಕೆ ಹೋಯಿತು.

"ಸರ್, ಇದು ಹಾಗಲ್ಲ. ಇದು ಹಸಿ ಇದೆ ಅಂತ ತೋರಿಸಿದ್ದು, ಇಲ್ಲಿ ನೆಡಬಾರದು ಅಂತ."

"ಹಸಿ ಇದ್ದಲ್ಲಿ ಹಚ್ಚಬ್ಯಾಡ, ಒಣಾ ಇದ್ದಲ್ಲಿ ಹಚ್ಚು ಅಂದ್ರ ಸಸಿ ನನ್ನ ಮಾತ ಕೇಳ್ತಾವೇನ್ರಿ?" ಅವರು ಜೋರಾಗಿ ನಕ್ಕರು. ಕೆಟ್ಟ ನಗುವಲ್ಲ, ಸಲಿಗೆಯದು.

ಫಕೀರಪ್ಪ ಕಂಬಳಿಯನ್ನು ಹೆಗಲಿಂದ ಕೈಗೆ ತೆಗೆದುಕೊಂಡಿದ್ದ. "ಸಾಹೇಬ್ರ, ಇಲ್ಲಿ ಮರಿ ಹಾಕಿದ ಕುರಿ ಮೇಯ್ತಾವ್ರಿ. ಬ್ಯಾಸಿಗಿಗೆ ಇದೊಂದ ಹುಲ್ಲ ನಮಗ."

"ನಾಕು ವರ್ಷ ಬ್ಯಾರೆ ಕಡೆ ಮೇಯಿಸೋ ಯಜಮಾನ. ಆಮ್ಯಾಲ ಬೇಲಿ ತಗೀತೀವಿ. ನೆರಳ ಸಿಗ್ತೈತಿ ನಿನ್ನ ಕುರಿಗಿ."

"ಕುರಿ ನೆರಳ ತಿಂತಾವೇನ್ರಿ?"

ಹೊಸಮನಿ ಅದಕ್ಕೂ ನಕ್ಕರು. ಇಂದುಮತಿ ನಗಲಿಲ್ಲ. "ಸರ್, ಇಲ್ಲಿರೋದು ಹುಲ್ಲು. ಇಲ್ಲಿ ಹುಲ್ಲೇ ಇರಬೇಕು. ಮರ ಬಂದ್ರೆ ಈ ನೀರೂ ಉಳಿಯಲ್ಲ."

"ಹೌದ್ರಿ? ಹಂಗಾದ್ರ ನಿಮ್ಮ ನಕಾಶಿಯೊಳಗ ಹುಲ್ಲ ಎಲ್ಲಿ ಬರದೀರಿ, ತೋರಸ್ರಿ" ಎಂದು ಅವರು ಕಾಗದವನ್ನು ಅವಳ ಕಡೆ ತಿರುಗಿಸಿದರು. ಕೊಳ್ಳದ ಮೇಲೆ ಬೆರಳಿಟ್ಟು ಓದಿದರು. "ಹಸಿ ನೆಲ. ಮರ. ನೀವ ಬರದದ್ದ್ರಿ ಇದು."

ಅವಳು ಕಾಗದವನ್ನೇ ನೋಡುತ್ತಾ ನಿಂತಳು. ಎದ್ದು ಬಂದ ಗಾಳಿಗೆ ನಕಾಶೆಯ ಒಂದು ಮೂಲೆ ಪಟಪಟನೆ ಬಡಿಯಿತು. ಮೌನಗಳನ್ನು ನಾನು ಬಲ್ಲೆ, ನನ್ನ ಬದುಕೇ ಅದು. ಅರ್ಧ ಗಂಟೆಯ ಮೌನದ ಕೊನೆಗೆ ಒಂದು ಮಾತು ಬರುತ್ತದೆ ಎಂದು ಗೊತ್ತಿರುತ್ತದೆ. ಅವಳ ಮೌನದ ಕೊನೆಗೆ ಏನೂ ಬರಲಿಲ್ಲ.

ಆಮೇಲೆ ಅವಳು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ಹೇಳಬೇಕು. ಪತ್ರ ಬರೆದಳಂತೆ, ಕಚೇರಿಗೆ ಮೂರು ಸಲ ಹೋದಳಂತೆ. ಒಂದು ಸಲ ಫಕೀರಪ್ಪನನ್ನೂ ಕರೆದುಕೊಂಡು ಹೋಗಿದ್ದಳು. ಪ್ರಕಟವಾದ ನಕಾಶೆಯನ್ನು ತಿದ್ದಬೇಕಾದರೆ ಇನ್ನೊಂದು ಪ್ರಬಂಧ ಪ್ರಕಟವಾಗಬೇಕು ಎಂದರಂತೆ. ಆ ಮುಂಗಾರಿಗೆ ಮೊದಲೇ ತಂತಿಬೇಲಿ ಬಂತು. ಗುದ್ದಲಿಗಳು ಬಂದವು. ಮೂರು ಅಡಿಗೊಂದು ಗುಂಡಿ ಬಿತ್ತು. ನನ್ನ ಪೆಟ್ಟಿಗೆಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ, ಅದರ ಮೇಲೆ ಸರ್ಕಾರಿ ಎಂದುಕೊಳ್ಳುವಂಥ ಮುದ್ರೆಯಿತ್ತು.

ಅಕೇಶಿಯಾ ಸಸಿಗಳು ಚೆನ್ನಾಗಿ ಹತ್ತಿದವು. ನೀರಿತ್ತಲ್ಲ. ನೂರಕ್ಕೆ ತೊಂಬತ್ತೈದು ಉಳಿದವು. ಅವುಗಳ ಬೇರು ಹುಲ್ಲಿನ ಬೇರಿನ ಹಾಗೆ ನನ್ನನ್ನು ಸುತ್ತಿಕೊಳ್ಳಲಿಲ್ಲ. ನನ್ನನ್ನು ದಾಟಿ ಕೆಳಕ್ಕೆ ಹೋದವು. ಮೊದಲ ಮಾರ್ಚಿಯಲ್ಲಿ ಇಪ್ಪತ್ತೆಂಟು ಎಂದೆ. ಎರಡನೆಯದರಲ್ಲಿ ಇಪ್ಪತ್ತೆರಡು. ಮೂರನೆಯದರಲ್ಲಿ ಹದಿನಾರು. ಹುಲ್ಲು ಎಲೆಯ ಕಸದಡಿಯಲ್ಲಿ ಹಳದಿಯಾಗಿ, ತೆಳ್ಳಗಾಗಿ, ಒಂದು ಮಳೆಗಾಲದಲ್ಲಿ ಮೇಲೇಳಲೇ ಇಲ್ಲ. ನಾಲ್ಕನೆಯ ಮಾರ್ಚಿಯಲ್ಲಿ ಹನ್ನೊಂದು ಎಂದೆ. ಚೌಕಕ್ಕೆಲ್ಲ ಒಂಬತ್ತು ಎಂದಿದ್ದ ಆ ಹಳೆಯ ಲೆಕ್ಕಕ್ಕೂ ನನಗೂ ಈಗ ಎರಡೇ ಅಂಕಿಯ ಜಗಳ ಉಳಿದಿತ್ತು. ನಾನು ಸೋತದ್ದಲ್ಲ, ನೆಲವನ್ನೇ ಅದರ ಮಾತಿಗೆ ತಂದರು.

ಫಕೀರಪ್ಪ ಹೋಳಿಯ ಮರುದಿನ ತಾಯಿ ಕುರಿಗಳನ್ನು ಹೊಡೆದುಕೊಂಡು ಮೇವಿಗಾಗಿ ಎರೆ ಸೀಮೆಯ ಬಯಲಿಗೆ ಇಳಿಯುತ್ತಿದ್ದ. ಐದು ದಿನದ ದಾರಿ. ಎಳೆಯ ಮರಿಗಳನ್ನು ಕಂಬಳಿಯ ಜೋಳಿಗೆಯಲ್ಲಿ ಹಾಕಿಕೊಂಡರೂ ಎಲ್ಲವನ್ನೂ ಹೊರಲಾಗುವುದಿಲ್ಲ. ಮೊದಲ ವರ್ಷ ಹದಿನಾಲ್ಕು ಮರಿ ದಾರಿಯಲ್ಲಿ ಸತ್ತವು ಎಂದು ಅವನು ಬೇಲಿಯಾಚೆ ಯಾರಿಗೋ ಹೇಳುತ್ತಿದ್ದ. ಒಂಬತ್ತು ಮನೆಗಳಲ್ಲಿ ಐದು ಮನೆಯವರು ಕುರಿ ಬಿಟ್ಟರು. ಆದರೂ ಅವನು ತಿಂಗಳಿಗೊಮ್ಮೆ ಬಂದು ಚಿಪ್ಪು ತೆಗೆದುಕೊಂಡು ಹೋಗುವುದನ್ನು ನಿಲ್ಲಿಸಲಿಲ್ಲ. ಬೇಲಿ ದಾಟಿ ಬರುತ್ತಿದ್ದ. ನನ್ನ ಬಳಿ ಕೂರುತ್ತಿದ್ದ. ನನಗೆ ಒಂದು ಮಾತೂ ಹೇಳುತ್ತಿರಲಿಲ್ಲ. ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ನಾನು ಒಂದು ಕಾಲೇಜಿನ ಕಪಾಟಿನಲ್ಲಿದ್ದೇನೆ. ಇಂದುಮತಿ ಅಲ್ಲಿ ಪಾಠ ಹೇಳುತ್ತಾಳೆ. ನನ್ನ ಒಂದು ಕಡ್ಡಿ ಬಾಗಿದೆ, ರಾಳದಲ್ಲಿ ಬಿರುಕು ಬಿಟ್ಟಿದೆ, ತಲೆಯೊಳಗೆ ನೀರು ಹೋಗಿ ಅಂಕಿಗಳು ತೊದಲುತ್ತವೆ. ಪಟ್ಟಿಯಲ್ಲಿ ಹಸಿ ಹುಲ್ಲು ಎಂಬ ಸಾಲೊಂದನ್ನು ಸೇರಿಸಲು ಅವಳು ಇನ್ನೂ ಬರೆಯುತ್ತಿದ್ದಾಳೆ, ಒಮ್ಮೆ ತಿರಸ್ಕೃತವಾಗಿ ಬಂದಿದೆ. ನಂಬದವರ ಮೇಲೆ ನನಗಿದ್ದ ಸಿಟ್ಟು ಈ ಕಪ್ಪು ಮೂಲೆಯಲ್ಲಿ ಇಳಿದುಹೋಗಿದೆ. ಅವರು ನನ್ನನ್ನು ಬದಿಗಿಟ್ಟರು, ಕೊಳ್ಳ ಅದರ ಪಾಡಿಗೆ ಇತ್ತು. ನಂಬಿದವರು ನನ್ನ ಮಾತಿನಲ್ಲಿ ತಮಗೆ ಬೇಕಾದ ಅರ್ಧವನ್ನು ತೆಗೆದುಕೊಂಡರು. ಇನ್ನರ್ಧವನ್ನು ಹೇಳುವ ಬಾಯಿ ನನಗಿರಲಿಲ್ಲ, ಬಾಯಿ ಇದ್ದವನನ್ನು ಯಾರೂ ಕೇಳಲಿಲ್ಲ. ಇದನ್ನು ಎಷ್ಟು ಸಲ ತಿರುಗಿಸಿದರೂ ಬೇರೆ ದಾರಿ ಸಿಗುವುದಿಲ್ಲ.

ಹೆಚ್ಚಾಗಿ ನೆನಪಾಗುವುದು ನನ್ನನ್ನು ಕಿತ್ತ ದಿನ. ನಾಲ್ಕನೆಯ ಬೇಸಿಗೆ ಅದು. ಇಂದುಮತಿ ಮಂಡಿಯೂರಿ, ಎರಡೂ ಕೈಯಿಂದ ನನ್ನ ತಲೆ ಹಿಡಿದು ಎಳೆದಳು. ಒಣಗಿದ ಮಣ್ಣು ಬಿಗಿಯಾಗಿ ಹಿಡಿದಿತ್ತು. ಆಗಲೇ ಕಡ್ಡಿ ಬಾಗಿದ್ದು. ಫಕೀರಪ್ಪ ಪಕ್ಕದಲ್ಲಿ ನಿಂತಿದ್ದ.

"ಫಕೀರಪ್ಪನವ್ರೇ" ಎಂದಳು, "ನಾನು ಅವತ್ತು ಆ ಪಟ್ಟಿಯಲ್ಲಿ..."

"ಬಿಡ್ರಿ ಅಕ್ಕಾರ. ಕೋಲ ಊರಿದಾಂವ ನಾನ."

ಅವಳು ನನ್ನನ್ನು ಒರೆಸಿ ಚೀಲದಲ್ಲಿಟ್ಟು ಎದ್ದಳು. ಅವನು ಏಳಲಿಲ್ಲ. ನಾನು ಹೊರಬಂದ ಗುಂಡಿಯ ಮುಂದೆ ಕೂತು, ಸುತ್ತಲಿನ ಮಣ್ಣನ್ನು ಎಳೆದೆಳೆದು ತುಂಬಿದ. ಮಣ್ಣು ಸಾಲದೆ ಎರಡು ಕಲ್ಲು ಆರಿಸಿ ತಂದು ಹಾಕಿದ. ಎದ್ದು ನಿಂತು ಕಾಲಿನಿಂದ ದಮ್ಮಸು ಮಾಡಿದ, ಮತ್ತೆ ಮಣ್ಣು ಹಾಕಿ ಮತ್ತೆ ತುಳಿದ, ನೆಲ ಸಮವಾಗುವ ತನಕ.

"ಅಷ್ಟ್ಯಾಕೆ ಮಾಡ್ತೀರಿ? ಸಣ್ಣ ಗುಂಡಿ, ಹಾಗೇ ಇರ್ಲಿ ಬಿಡಿ" ಎಂದಳು ಇಂದುಮತಿ.

"ಹಂಗ ಬಿಡಬಾರದ್ರಿ" ಎಂದ ಫಕೀರಪ್ಪ. "ಮರಿ ಕಾಲ ಸಿಕ್ಕಿ ಮುರೀತಾವ."

ನಾಲ್ಕು ವರ್ಷದಿಂದ ಒಂದು ಮರಿಯೂ ಆ ಬೇಲಿಯೊಳಗೆ ಬಂದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಅವಳು ಚೀಲ ಕೆಳಗಿಟ್ಟು, ಇನ್ನೊಂದು ಕಲ್ಲು ಹುಡುಕಿಕೊಂಡು ಬರಲು ಹೋದಳು.